ಪಿಎಲ್ 480 ಗೋಧಿ ಕೊಡುವಾಗ ಅಮೆರಿಕ ನಿಜವಾಗ್ಲೂ ಯಾವ ಷರತ್ತು ಹಾಕಿತ್ತು?

ಹಾಸನದ_ಓದುಗ:

ಎಲ್ರಿಗೂ ನಮಸ್ಕಾರ. ಎಂಎ ಹಿಸ್ಟರಿ ಎರಡನೇ ವರ್ಷದಲ್ಲಿದೀನಿ, ಸೆಮಿನಾರ್‌ಗೆ ವಿದೇಶಿ ನೆರವು ಮತ್ತು ರಾಜಕೀಯ ಅನ್ನೋ ಟಾಪಿಕ್ ಬಂದಿದೆ, ನಾನು 1965-67ರ ಅಮೆರಿಕದ ಗೋಧಿ ವಿಷಯ ತಗೊಂಡಿದೀನಿ. ತಗೊಳ್ಳೋಕೆ ಕಾರಣ ನಮ್ಮಜ್ಜಿ. ರೇಷನ್ ಗೋಧಿ ಮನೆಗೆ ಬಂದಾಗೆಲ್ಲ "ಅಮೆರಿಕದ ಗೋಧಿ ತಿಂದೇ ನಿಮ್ಮಪ್ಪ ಬದುಕಿದ್ದು" ಅಂತಾರೆ, ಆ ಮಾತು ಕೇಳಿದ ತಕ್ಷಣ ಅಪ್ಪಂಗೆ ಸಿಟ್ಟು ಬರುತ್ತೆ, ಆ ಗೋಧಿಗೋಸ್ಕರಾನೇ ಇಂದಿರಾ ಗಾಂಧಿ ರೂಪಾಯಿ ಬೆಲೆ ಇಳಿಸಿದ್ದು, ಪುಕ್ಕಟೆ ಯಾರೂ ಏನೂ ಕೊಡಲ್ಲ ಅಂತ ಅವರ ವಾದ. ಇಬ್ರು ಹೇಳೋದ್ರಲ್ಲೂ ಏನೋ ನಿಜ ಇದೆ ಅನ್ಸುತ್ತೆ ನಂಗೆ.

ನನ್ನ ತೊಂದ್ರೆ ಏನಂದ್ರೆ, ಒಪ್ಪಂದದ ಬಗ್ಗೆ ಓದಿದಷ್ಟೂ ಎಷ್ಟು ಟನ್, ಎಷ್ಟು ಕಂತು, ಯಾವ ಖಾತೆಗೆ ಹಣ ಅಂತಾನೇ ಸಿಗ್ತಿದೆ, ವಿಯೆಟ್ನಾಂನಲ್ಲಿ ಅಮೆರಿಕ ನಡೆಸ್ತಿದ್ದ ಯುದ್ಧದ ಬಗ್ಗೆ ಬಾಯಿ ಮುಚ್ಕೊಂಡಿರಿ ಅಂತಾಗ್ಲಿ ರೂಪಾಯಿ ಇಳಿಸಿ ಅಂತಾಗ್ಲಿ ಎಲ್ಲೂ ಬರೆದಿಲ್ಲ. ಹಾಗಾದ್ರೆ ಷರತ್ತು ಅಂತ ಎಲ್ರೂ ಹೇಳೋದು ಯಾವುದನ್ನ? ಮಾತುಕತೆ ನಡೆಸಿದ್ದು ಯಾರು ಯಾರು? ಭಾರತಕ್ಕೆ ಬೇರೆ ದಾರಿ ಇತ್ತಾ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಮೇಷ್ಟ್ರು_ತಿಪಟೂರು:

ನೋಡಪ್ಪ, ನೀನು ಷರತ್ತನ್ನ ಒಪ್ಪಂದದ ಕಾಗದದಲ್ಲಿ ಹುಡುಕ್ತಿದೀಯ, ಹಡಗು ಹೊರಡೋ ತಾರೀಖಲ್ಲಿ ಹುಡುಕು, ಸಿಗುತ್ತೆ. ಮೂವತ್ತು ವರ್ಷ ಇದೇ ಪಾಠ ಮಾಡಿದೀನಿ, ಮಕ್ಕಳು ಎಡವೋದು ಇದೇ ಜಾಗದಲ್ಲಿ.

ಮೊದಲಿಂದ ಹೇಳ್ತೀನಿ. ಪಿಎಲ್ 480 ಅಂದ್ರೆ ಅಮೆರಿಕದ 480ನೇ ಪಬ್ಲಿಕ್ ಲಾ, 1954ರಲ್ಲಿ ಐಸೆನ್‌ಹೋವರ್ ಸಹಿ ಹಾಕಿದ್ದು. ಅವರ ರೈತರು ಬೆಳೆದಿದ್ದು ಗೋಡೌನ್ ತುಂಬಿ ಕೊಳೀತಿತ್ತು, ನಮಗೆ ಹೊಟ್ಟೆಗೆ ಬೇಕಿತ್ತು, ಡಾಲರ್ ನಮ್ಮತ್ರ ಇರ್ಲಿಲ್ಲ, ಅದಕ್ಕೆ ರೂಪಾಯಲ್ಲೇ ಕೊಡಿ ಅಂದ್ರು. ಭಾರತದ ಜೊತೆ ಮೊದಲನೇ ಒಪ್ಪಂದ 1956ರಲ್ಲಿ ಆಯ್ತು. 1960ರ ಮೇನಲ್ಲಿ ಆಹಾರ ಮಂತ್ರಿ ಎಸ್.ಕೆ. ಪಾಟೀಲ್ ವಾಷಿಂಗ್ಟನ್‌ಗೆ ಹೋಗಿ ನಾಲ್ಕು ವರ್ಷಕ್ಕೆ 1.6 ಕೋಟಿ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿಗೆ ಸಹಿ ಹಾಕಿ ಬಂದ್ರು. ನಾಲ್ಕು ವರ್ಷ ಅನ್ನೋದನ್ನ ಗಮನಿಸು. ಯಾವ ತಿಂಗಳು ಎಷ್ಟು ಬರುತ್ತೆ ಅಂತ ಗೊತ್ತಿದ್ರೆ ಸರ್ಕಾರ ನೆಮ್ಮದಿಯಾಗಿ ಲೆಕ್ಕ ಹಾಕ್ಬಹುದು, ಆಗ ಯಾರ ಮರ್ಜಿಗೂ ಕಾಯಬೇಕಾಗಿರಲ್ಲ.

1965ರ ಜೂನ್‌ನಲ್ಲಿ ಆಗ ಜಾರಿಯಲ್ಲಿದ್ದ ಒಪ್ಪಂದ ಮುಗೀತು. ಅಧ್ಯಕ್ಷ ಜಾನ್ಸನ್ ಮತ್ತೆ ವರ್ಷಗಟ್ಟಲೆ ಒಪ್ಪಂದ ಮಾಡ್ಕೊಳ್ಳೋಕೆ ಒಪ್ಪಲಿಲ್ಲ, ಒಂದೆರಡು ತಿಂಗಳಿಗೆ ಆಗೋಷ್ಟು ಮಾತ್ರ ಬಿಡೋದು, ಅದು ಮುಗಿಯೋ ಹೊತ್ತಿಗೆ ಮತ್ತೆ ನೋಡೋಣ ಅನ್ನೋದು. ಹಸುಗೆ ಹಗ್ಗ ಗಿಡ್ಡ ಮಾಡಿ ಕಟ್ತೀವಲ್ಲ ಹಾಗೆ. ಅದೇ ವರ್ಷ ಮಳೆ ಕೈಕೊಡ್ತು, 1964-65ರಲ್ಲಿ ಸುಮಾರು 8.9 ಕೋಟಿ ಟನ್ ಇದ್ದ ಆಹಾರಧಾನ್ಯ ಮುಂದಿನ ವರ್ಷ 7.2 ಕೋಟಿಗೆ ಬಿತ್ತು, ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಯುದ್ಧ, ಅಮೆರಿಕ ಎರಡೂ ದೇಶಕ್ಕೆ ಹೊಸ ನೆರವು ನಿಲ್ಲಿಸ್ತು. ಶಾಸ್ತ್ರೀಜಿ ಸೋಮವಾರ ರಾತ್ರಿ ಒಂದು ಹೊತ್ತಿನ ಊಟ ಬಿಡಿ ಅಂತ ಕೇಳ್ಕೊಂಡಿದ್ದು ಇದೇ ಕಾಲದಲ್ಲಿ.

ಹಡಗು ಅಲ್ಲಿಂದ ಇಲ್ಲಿಗೆ ಬರೋಕೆ ವಾರಗಟ್ಟಲೆ ಬೇಕು, ಬಂದರಲ್ಲಿ ಇಳಿಸಿ ರೈಲಿಗೆ ತುಂಬಿ ಊರೂರಿಗೆ ಮುಟ್ಟಿಸೋಕೆ ಇನ್ನಷ್ಟು ದಿನ, ಅಂದ್ರೆ ಇವತ್ತು ವಾಷಿಂಗ್ಟನ್‌ನಲ್ಲಿ ಒಂದು ಸಹಿ ಬೀಳದಿದ್ರೆ ಅದರ ಏಟು ಇಲ್ಲಿ ರೇಷನ್ ಅಂಗಡಿಗೆ ಎರಡು ಮೂರು ತಿಂಗಳು ಬಿಟ್ಟು ತಾಗುತ್ತೆ. ಇದು ಎರಡೂ ಕಡೆಯವರಿಗೂ ಚೆನ್ನಾಗಿ ಗೊತ್ತಿತ್ತು. ಮಾತುಕತೆಯ ಟೇಬಲ್ ಮೇಲೆ ಯಾರೂ ಬೆದರಿಕೆ ಹಾಕೋ ಅಗತ್ಯಾನೇ ಇರ್ಲಿಲ್ಲ, ಸುಮ್ಮನಿದ್ರೆ ಸಾಕಿತ್ತು.

1965ರ ನವೆಂಬರ್‌ನಲ್ಲಿ ರೋಮ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಸಭೆ ಇತ್ತು, ಅಲ್ಲಿಗೆ ಹೋಗಿದ್ದ ನಮ್ಮ ಆಹಾರ ಮಂತ್ರಿ ಸಿ. ಸುಬ್ರಮಣ್ಯಂ ಮತ್ತು ಅಮೆರಿಕದ ಕೃಷಿ ಕಾರ್ಯದರ್ಶಿ ಆರ್ವಿಲ್ ಫ್ರೀಮನ್ ಗುಟ್ಟಾಗಿ ಕೂತು ಒಂದು ಒಪ್ಪಂದಕ್ಕೆ ಸಹಿ ಹಾಕಿದ್ರು. ಕೃಷಿಗೆ ಜಾಸ್ತಿ ದುಡ್ಡು ಹಾಕ್ಬೇಕು, ಗೊಬ್ಬರದ ಕಾರ್ಖಾನೆಗೆ ವಿದೇಶಿ ಖಾಸಗಿ ಬಂಡವಾಳ ಬಿಡ್ಬೇಕು, ಹೊಸ ಬೀಜ, ಸಾಲ ಇತ್ಯಾದಿ. ಡಿಸೆಂಬರ್‌ನಲ್ಲಿ ಸುಬ್ರಮಣ್ಯಂ ಇದನ್ನ ಪಾರ್ಲಿಮೆಂಟ್‌ನಲ್ಲಿ ನಮ್ಮದೇ ಹೊಸ ಕೃಷಿ ನೀತಿ ಅಂತ ಮಂಡಿಸಿದ್ರು, ಅದಾದ ಮೇಲೆ ಹಡಗು ಹೊರಟ್ವು. ಆರ್ಥಿಕ ಷರತ್ತು ಅಂದ್ರೆ ಇದು.

ರಾಜಕೀಯ ಷರತ್ತು ಆಮೇಲೆ ಬಂತು. 1966ರ ಮಾರ್ಚ್ ಕೊನೆಯಲ್ಲಿ ಇಂದಿರಾ ಗಾಂಧಿ ವಾಷಿಂಗ್ಟನ್‌ಗೆ ಹೋದ್ರು, ಪ್ರಧಾನಿ ಆಗಿ ಇನ್ನೂ ಮೂರು ತಿಂಗಳೂ ಆಗಿರ್ಲಿಲ್ಲ, ಜಾನ್ಸನ್ ಚೆನ್ನಾಗೇ ನೋಡ್ಕೊಂಡ್ರು, ಇನ್ನೂ 35 ಲಕ್ಷ ಟನ್ ಕೊಡಿ ಅಂತ ತಮ್ಮ ಪಾರ್ಲಿಮೆಂಟಾದ ಕಾಂಗ್ರೆಸ್ಸಿಗೆ ಶಿಫಾರಸು ಮಾಡಿದ್ರು. ಜುಲೈನಲ್ಲಿ ಆಯಮ್ಮ ಮಾಸ್ಕೋಗೆ ಹೋಗಿ ವಿಯೆಟ್ನಾಂನಲ್ಲಿ ಬಾಂಬ್ ಹಾಕೋದು ನಿಲ್ಲಿಸಿ ಅಂತ ಸೋವಿಯತ್ ಜೊತೆ ಜಂಟಿ ಹೇಳಿಕೆ ಕೊಟ್ರು. ಅದೇ ಮಾತನ್ನ ಪೋಪ್ ಕೂಡ ಹೇಳಿದಾರೆ, ವಿಶ್ವಸಂಸ್ಥೆ ಮುಖ್ಯಸ್ಥ ಊ ಥಾಂಟ್ ಕೂಡ ಹೇಳಿದಾರೆ ಅಂತ ಭಾರತದ ಪರ ಮಾತಾಡಿದವರಿಗೆ, ಪೋಪ್‌ಗೂ ಊ ಥಾಂಟ್‌ಗೂ ನಮ್ಮ ಗೋಧಿ ಬೇಕಿಲ್ವಲ್ಲ ಅನ್ನೋ ಉತ್ತರ ಬಂತಂತೆ, ಆಗ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಚೆಸ್ಟರ್ ಬೌಲ್ಸ್ ಬರೆದಿಟ್ಟಿದಾರೆ. ಆಗಸ್ಟ್‌ನಿಂದ ಹೊಸ ಮಂಜೂರಾತಿ ನಿಂತು ಹೋಯ್ತು. ಆ ಕಡೆ ಬಿಹಾರದಲ್ಲಿ ಎರಡನೇ ವರ್ಷವೂ ಬರ. ಫ್ರೀಮನ್, ಬೌಲ್ಸ್ ಎಲ್ಲ ಬಿಟ್ಟುಬಿಡಿ ಅಂತ ಒತ್ತಾಯ ಮಾಡಿದ್ರೂ ಜಾನ್ಸನ್ ಫೈಲು ತಮ್ಮ ಕೈಯಲ್ಲೇ ಇಟ್ಕೊಂಡಿದ್ರು, ಡಿಸೆಂಬರ್ ಕೊನೆಗೆ 9 ಲಕ್ಷ ಟನ್ ಬಿಟ್ರು. ಆ ನಾಲ್ಕು ತಿಂಗಳ ಮೌನಾನೇ ನೀನು ಹುಡುಕ್ತಿರೋ ಷರತ್ತು. ಹಸಿದ ಮಕ್ಕಳನ್ನ ಮುಂದಿಟ್ಕೊಂಡು ಹೀಗೆ ಕಾಯಿಸಿದ್ದನ್ನ ನೆನೆದ್ರೆ ನಂಗೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಬದಾಮಿ_ಅಕ್ಕ:

ಮೇಷ್ಟ್ರು ಹೇಳಿದ್ದು ಓದಿ ಕಣ್ಣಾಗ ನೀರು ಬಂತ್ರಿ. ನಾ ಹುಟ್ಟಿದ್ದು 1957ರಾಗ, ಆಗ ಎರಡನೇ ಮೂರನೇ ಈಯತ್ತೆ ಇರಬೇಕು. ನಮ್ಮ ಊರಾಗ ಯಾರೂ ಸಮುದ್ರ ಕಂಡವರಲ್ಲ, ಆದ್ರ ಹಡಗ ಅನ್ನೋ ಶಬ್ದ ಸಣ್ಣ ಹುಡುಗರಿಗೂ ಗೊತ್ತಿತ್ತು, ಯಾಕಂದ್ರ ರೇಷನ್ ಅಂಗಡ್ಯಾವ ದಿನಾ ಅದ ಹೇಳ್ತಿದ್ದ, ಹಡಗ ಬಂದಿಲ್ಲ, ಮುಂದಿನ ವಾರ ಬರ್ರಿ. ನಮ್ಮಪ್ಪ ನಸುಕಿನ್ಯಾಗ ಎದ್ದು ಚೀಲ ಹೆಗಲಿಗೆ ಹಾಕ್ಕೊಂಡು ಹೋಗಿ ಪಾಳಿ ಹಚ್ಚಿ ಬರಿಗೈಲೆ ಬಂದಿದ್ದು ಎಷ್ಟ ಸಲ ನೋಡೇನಿ. ಯಾಕ ಬಂದಿಲ್ಲ ಅಂತ ಯಾರೂ ಕೇಳ್ತಿದ್ದಿಲ್ಲ, ಸಮುದ್ರದಾಗ ಬಿರುಗಾಳಿ ಇರಬೇಕು ಅಂತ ತಿಳ್ಕೊಂಡಿದ್ವಿ.

ನಮ್ಮ ಕಡೆ ಗೋಧಿಗಿಂತ ಹೆಚ್ಚು ನೆನಪಿರೋದು ಅಮೆರಿಕಾದ ಕೆಂಪು ಜ್ವಾಳ. ನಮ್ಮ ಬಿಳಿಜ್ವಾಳದ ರೊಟ್ಟಿ ತಿಂದ ಬಾಯಿಗೆ ಅದು ಹಿಡೀತಿದ್ದಿಲ್ಲ, ಹಿಟ್ಟಿಗೆ ಜಿಗಿ ಇರ್ತಿದ್ದಿಲ್ಲ, ನಮ್ಮವ್ವ ಬಡ್ಯಾಕ ಕೂತ್ರ ಅಂಚಿಗೆ ಹರದ ಹೋಗ್ತಿತ್ತು, ಕಡೀಕ ಮುದ್ದಿ ಮಾಡಿ ಹಾಕ್ತಿದ್ಲು. ಆದ್ರ ಒಂದ ಮಾತು, ಬ್ಯಾರೆ ಏನೂ ಇರಲಾರದಾಗ ಅದ ಹೊಟ್ಟಿ ತುಂಬಿಸ್ತು, ಅದನ್ನ ಮರ್ಯಾಕ ಆಗಂಗಿಲ್ಲ. ಸಾಲ್ಯಾಗ ಹಾಲಿನ ಪುಡಿ ಕಲಿಸಿ ಕೊಡ್ತಿದ್ರು, ಗೋಧಿ ನುಚ್ಚಿನ ಉಪ್ಪಿಟ್ಟು ಇರ್ತಿತ್ತು, ಚೀಲದ ಮ್ಯಾಲ ಎರಡು ಕೈ ಕೂಡಿಸಿದ ಚಿತ್ರ. ಆ ಚೀಲ ಬಿಚ್ಚಿ ನಮ್ಮವ್ವ ನನಗ ಪಾಟೀಚೀಲ ಹೊಲದಿದ್ಲು. ತಮ್ಮಾ, ನಿಮ್ಮ ಅಜ್ಜಿ ಹೇಳೋದೂ ಖರೇನ, ನಿಮ್ಮಪ್ಪ ಹೇಳೋದೂ ಖರೇನ.

ಮಂಡ್ಯ_ಗದ್ದೆ:

ಮೇಷ್ಟ್ರ ಮೇಲೆ ಗೌರವ ಇಟ್ಕೊಂಡೇ ಒಂದು ವಿಷಯಕ್ಕೆ ಒಪ್ಪಲ್ಲ. ನಾನು ಅಗ್ರಿ ಓದಿದವನು, ರೋಮ್ ಒಪ್ಪಂದ ಅಮೆರಿಕ ಹೇರಿದ್ದು ಅನ್ನೋ ಥರ ಬರೆದ್ರೆ ಸುಬ್ರಮಣ್ಯಂಗೆ ಅನ್ಯಾಯ ಆಗುತ್ತೆ. ಅವರು 1964ರಲ್ಲಿ ಆಹಾರ ಮಂತ್ರಿ ಆದಾಗಿಂದ್ಲೇ ರೈತನಿಗೆ ಬೆಲೆ ಕೊಡಿ, ಗೊಬ್ಬರ ಕೊಡಿ, ಒಳ್ಳೇ ಬೀಜ ಕೊಡಿ ಅಂತ ಹೊಡೆದಾಡ್ತಿದ್ರು, ಫುಡ್ ಕಾರ್ಪೊರೇಷನ್ ಶುರುವಾಗಿದ್ದು 1965ರ ಜನವರಿಯಲ್ಲಿ, ಕೃಷಿ ಬೆಲೆ ಆಯೋಗವೂ ಅದೇ ತಿಂಗಳು, ಎರಡೂ ರೋಮ್‌ಗಿಂತ ಎಷ್ಟೋ ಮುಂಚೆ. ಅಡ್ಡ ನಿಂತಿದ್ದು ನಮ್ಮ ಸಂಪುಟದ ಒಳಗಿನವರೇ, ಭಾರೀ ಕೈಗಾರಿಕೆ ಮೊದಲು, ಗೊಬ್ಬರಕ್ಕೆ ಡಾಲರ್ ಎಲ್ಲಿಂದ ತರೋದು ಅಂತ. ಟಿ.ಟಿ. ಕೃಷ್ಣಮಾಚಾರಿ (ಟಿಟಿಕೆ) ಫೈನಾನ್ಸ್ ಮಂತ್ರಿಯಾಗಿ ಕೂತು ಬಿಗಿ ಹಿಡಿದಿದ್ರು. ಆಗ ಹೊರಗಿನ ಒತ್ತಡ ಸುಬ್ರಮಣ್ಯಂ ಕೈಗೆ ಒಂದು ಕೋಲು ಸಿಕ್ಕಿದ ಹಾಗಾಯ್ತು. ಮನೇಲಿ ಅಣ್ಣ ಮಾತು ಕೇಳದಿದ್ರೆ ಸೋದರಮಾವನ್ನ ಕರ್ಕೊಂಡು ಬಂದು ಹೇಳಿಸ್ತೀವಲ್ಲ, ಆ ರೀತಿ.

1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿ ಬಿತ್ತನೆ ಗೋಧಿ ತರಿಸಿದ್ರು, ಅಷ್ಟು ಬೀಜ ಒಂದೇ ಸಲ ಬೇರೆ ಯಾವ ದೇಶವೂ ಅಲ್ಲೀತನಕ ತರಿಸಿರ್ಲಿಲ್ಲ, 1967-68ಕ್ಕೆ ಮಳೆಯೂ ಕೈ ಹಿಡೀತು, ಧಾನ್ಯ 9.5 ಕೋಟಿ ಟನ್ ಆಯ್ತು. ಹಾಗೇ ನೆರವು ಅಂದ್ರೆ ಬರೀ ಗೋಧಿ ಅಂದ್ಕೋಬೇಡಿ, ನಮ್ಮ ಬೆಂಗಳೂರು ಕೃಷಿ ವಿವಿ 1964ರಲ್ಲಿ ಶುರುವಾದಾಗ ಅಮೆರಿಕದ ಟೆನೆಸ್ಸೀ ಯೂನಿವರ್ಸಿಟಿ ಜೊತೆ ನಿಂತಿತ್ತು. ಗೋಧಿ ತಿಂದು ಮುಗೀತು, ಕಲಿತಿದ್ದು ಉಳೀತು. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಇಂಡಾಫ್ ತಳಿ ಮಾಡಿದ್ರಲ್ಲ, ಅದಕ್ಕೆ ಯಾರ ಷರತ್ತೂ ಇರ್ಲಿಲ್ಲ. ಹೊರಗಿನವರ ಮುಂದೆ ಕೈ ಒಡ್ಡೋದು ತಪ್ಪಿಸಿದ್ದು ಕೊನೆಗೆ ಹೊಲದಲ್ಲಿ ಕೆಲಸ ಮಾಡಿದವರೇ.

ಇನ್ನೊಂದು, ಕಾಂಗ್ರೆಸ್ ಗಿಡ ಈ ಗೋಧಿ ಜೊತೆ ಬಂತು ಅಂತ ಪ್ರತಿ ಹಳ್ಳೀಲೂ ಹೇಳ್ತಾರೆ, ಸೆಮಿನಾರ್‌ನಲ್ಲಿ ಹಾಗೇ ಹೇಳ್ಬಿಡ್ಬೇಡಿ, ಪುಣೆಯಲ್ಲಿ ಅದನ್ನ ಗುರುತಿಸಿದ್ದು 1955ರ ಹೊತ್ತಿಗೆ, ಮೊದಲನೇ ಪಿಎಲ್ 480 ಒಪ್ಪಂದಕ್ಕಿಂತ ಮುಂಚೆ.

ಹಾಸನದ_ಓದುಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಅಕ್ಕ ನೀವು ಬರೆದಿದ್ದನ್ನ ಅಜ್ಜಿಗೆ ಓದಿ ಹೇಳಿದೆ. ಮೇಷ್ಟ್ರೇ, ರೂಪಾಯಿ ವಿಷಯ ಬಿಟ್ಟೇ ಹೋಯ್ತು, ಅಪ್ಪನ ವಾದ ನಿಂತಿರೋದೇ ಅದರ ಮೇಲೆ. ಮತ್ತೆ ಬೇರೆ ದಾರಿ ಇತ್ತಾ ಅನ್ನೋದು.

ಮೇಷ್ಟ್ರು_ತಿಪಟೂರು:

ಮಂಡ್ಯದವರು ಹೇಳಿದ್ದು ಸರಿ, ಸುಬ್ರಮಣ್ಯಂ ವಿಷಯದಲ್ಲಿ ನಾನು ಅರ್ಧ ಹೇಳಿ ಬಿಟ್ಟಿದ್ದೆ. ಅದಕ್ಕೇ ನಾನು ಎರಡನ್ನೂ ಬೇರೆ ಬೇರೆ ಇಡು ಅನ್ನೋದು. ಗೊಬ್ಬರ ಹಾಕಿ, ಬೀಜ ಬದಲಾಯಿಸಿ ಅನ್ನೋದು ನಮಗೂ ಬೇಕಿದ್ದ ಕೆಲಸ, ಅದರಲ್ಲಿ ಒಪ್ಪಿಗೆಗೆ ಜಾಗ ಇತ್ತು. ವಿಯೆಟ್ನಾಂ ಬಗ್ಗೆ ನಮ್ಮ ಅಭಿಪ್ರಾಯಕ್ಕೂ ನಮ್ಮ ಮಕ್ಕಳ ಊಟಕ್ಕೂ ಗಂಟು ಹಾಕಿದ್ದನ್ನ ಮಾತ್ರ ನಾನು ಯಾವತ್ತೂ ಸಮರ್ಥಿಸಲ್ಲ.

ಈಗ ರೂಪಾಯಿ. 1966ರ ಜೂನ್ 6, ಡಾಲರ್‌ಗೆ 4.76 ಇದ್ದಿದ್ದು ಒಂದೇ ಏಟಿಗೆ 7.50 ಆಯ್ತು. ಇದರ ಮಾತುಕತೆಯಲ್ಲಿ ಎದುರಿಗೆ ಕೂತಿದ್ದು ಮುಖ್ಯವಾಗಿ ವಿಶ್ವಬ್ಯಾಂಕ್. ಅವರು ಕಳಿಸಿದ್ದ ಬರ್ನಾರ್ಡ್ ಬೆಲ್ ತಂಡ 1965ರಲ್ಲೇ ರೂಪಾಯಿ ಇಳಿಸಿ, ಆಮದಿನ ಕಟ್ಟುಪಾಡು ಸಡಿಲ ಮಾಡಿ ಅಂತ ವರದಿ ಕೊಟ್ಟಿತ್ತು. ಟಿಟಿಕೆ ಸುತಾರಾಂ ಒಪ್ಪಿರ್ಲಿಲ್ಲ, 1965ರ ಡಿಸೆಂಬರ್ 31ಕ್ಕೆ ಬೇರೆ ಕಾರಣಕ್ಕೆ ರಾಜೀನಾಮೆ ಕೊಟ್ರು, ಜಾಗಕ್ಕೆ ಸಚೀಂದ್ರ ಚೌಧುರಿ ಬಂದ್ರು. 1966ರ ಬೇಸಿಗೆಯಲ್ಲಿ ಯೋಜನಾ ಮಂತ್ರಿ ಅಶೋಕ್ ಮೆಹ್ತಾ ವಾಷಿಂಗ್ಟನ್‌ಗೆ ಹೋಗಿ ಬ್ಯಾಂಕಿನ ಅಧ್ಯಕ್ಷ ಜಾರ್ಜ್ ವುಡ್ಸ್ ಜೊತೆ ಮಾತಾಡಿದ್ರು. ನೀವು ರೂಪಾಯಿ ಇಳಿಸಿ, ನಾವು ಭಾರತಕ್ಕೆ ನೆರವು ಕೊಡೋ ದೇಶಗಳ ಕೂಟದಿಂದ ವರ್ಷಕ್ಕೆ 90 ಕೋಟಿ ಡಾಲರ್ ಕೊಡಿಸ್ತೀವಿ, ಯಾವುದೋ ಒಂದು ಕಾರ್ಖಾನೆಗೆ ಕಟ್ಟಿಹಾಕದ ಹಣ, ಬೇಕಾದ ಬಿಡಿಭಾಗ ಕಚ್ಚಾಮಾಲು ತರಿಸ್ಕೊಳ್ಳಿ, ಇದು ಸಾರಾಂಶ. ಇಲ್ಲಿ ನಮ್ಮ ಸರ್ಕಾರದ ದೊಡ್ಡ ಅಧಿಕಾರಿಗಳಾದ ಎಲ್.ಕೆ. ಝಾ, ಐ.ಜಿ. ಪಟೇಲ್, ಅಮೆರಿಕದಲ್ಲಿದ್ದ ನಮ್ಮ ರಾಯಭಾರಿ ಬಿ.ಕೆ. ನೆಹರು ಎಲ್ಲ ರೂಪಾಯಿ ಇಳಿಸೋದೇ ಸರಿ ಅಂತ ತಾವೇ ನಂಬಿದ್ದವರು, ಅದನ್ನೂ ಬರಿ. ನಮ್ಮ ಬೆಲೆಗಳು ಏರಿ ಹಳೇ ದರಕ್ಕೆ ಅರ್ಥಾನೇ ಉಳಿದಿರ್ಲಿಲ್ಲ.

ಆದ್ರೆ ಮೋಸ ಹೋಗಿದ್ದು ಎಲ್ಲಿ ಅಂದ್ರೆ, ನಾವು ಕೊಡಬೇಕಾಗಿದ್ದನ್ನ ಒಂದೇ ರಾತ್ರೀಲಿ ಪೂರ್ತಿ ಕೊಟ್ವಿ, ಒಮ್ಮೆ ಇಳಿಸಿದ ರೂಪಾಯಿನ ವಾಪಸ್ ಏರಿಸೋಕಾಗಲ್ಲ, ಅವರು ಕೊಡಬೇಕಾಗಿದ್ದು ಮಾತ್ರ ವರ್ಷ ವರ್ಷ ಕಂತಲ್ಲಿ. ಮೊದಲನೇ ವರ್ಷದ ಮಾತು ಉಳೀತು, ಆಮೇಲೆ ಹಣ ಇಳೀತಾ ಹೋಯ್ತು. ನಿಮ್ಮಪ್ಪಂಗೆ ಹೇಳು, ರೂಪಾಯಿ ಇಳಿಸಿದ್ದು ಗೋಧಿಗಲ್ಲ ಡಾಲರ್‌ಗೆ, ಆದ್ರೆ ಎರಡೂ ಮಾತುಕತೆ ಅದೇ ಊರಲ್ಲಿ ಅದೇ ತಿಂಗಳುಗಳಲ್ಲಿ ನಡೀತಿದ್ದಾಗ ಜನ ಬೇರೆ ಮಾಡಿ ನೋಡಲಿಲ್ಲ ಅನ್ನೋದ್ರಲ್ಲಿ ತಪ್ಪಿಲ್ಲ. ಕಾಂಗ್ರೆಸ್ ಅಧ್ಯಕ್ಷ ಕಾಮರಾಜ್‌ರೇ ಎಗರಾಡಿದ್ರು. ಮುಂದಿನ ಫೆಬ್ರವರಿ ಚುನಾವಣೆಯಲ್ಲಿ ಕಾಮರಾಜ್ ಸೋತ್ರು, ಸುಬ್ರಮಣ್ಯಮ್ಮೂ ಸೋತ್ರು.

ಬೇರೆ ದಾರಿ ಕೇಳಿದೆ. 1951ರದ್ದು ಓದು. ಆಗ್ಲೂ ಬರ, ಅಮೆರಿಕದ ಹತ್ರ 20 ಲಕ್ಷ ಟನ್ ಕೇಳಿದ್ವಿ, ಅವರ ಕಾಂಗ್ರೆಸ್‌ನಲ್ಲಿ ಕೆಲವರು ತಿರುವಾಂಕೂರಿನ ಮೊನಝೈಟ್ ಮರಳು ಕೊಡಿ, ಅದರಲ್ಲಿ ಥೋರಿಯಂ ಇದೆ ಅಂದ್ರು. ನೆಹರು ರಾಜಕೀಯ ಗಂಟು ಹಾಕಿದ್ರೆ ಬೇಡ ಅಂತ ಬಹಿರಂಗವಾಗೇ ಹೇಳಿದ್ರು, ಅಷ್ಟರಲ್ಲಿ ರಷ್ಯಾ ಚೀನಾದಿಂದ್ಲೂ ಧಾನ್ಯ ಬರೋಕೆ ಶುರುವಾಯ್ತು, ಕೊನೆಗೆ ಜೂನ್‌ನಲ್ಲಿ 19 ಕೋಟಿ ಡಾಲರ್ ಸಾಲ ಅಂತ ಅಮೆರಿಕದ ನೆರವು ಬಂತು. 1966ರಲ್ಲಿ ಕೆನಡಾ, ಆಸ್ಟ್ರೇಲಿಯಾ, ಸೋವಿಯತ್ ಕೊಟ್ರು, ಆದ್ರೆ ಆ ವರ್ಷ ನಾವು ತರಿಸಿದ್ದು 1 ಕೋಟಿ ಟನ್‌ಗೂ ಮೇಲೆ, ಅದರಲ್ಲಿ ಅಮೆರಿಕದ್ದೇ ದೊಡ್ಡ ಪಾಲು, ಅವರ ಒಟ್ಟು ಗೋಧಿ ಬೆಳೆಯ ಐದನೇ ಒಂದು ಭಾಗದ ಹತ್ತಿರ. ಅಷ್ಟನ್ನ ಕೊಡೋ ಇನ್ನೊಬ್ಬರು ಭೂಮಿ ಮೇಲೆ ಇರ್ಲಿಲ್ಲ.

ಕುಡ್ಲದ_ಓದು:

ಸೆಮಿನಾರ್‌ಗೆ ಈಗಿನ ಹೋಲಿಕೆ ಬೇಕಿದ್ರೆ ಶ್ರೀಲಂಕಾ ತಗೊಳ್ಳಿ. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ಕಟ್ಟೋಕಾಗಲ್ಲ ಅಂದ್ರು, ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಸುಮಾರು 300 ಕೋಟಿ ಡಾಲರ್ ಮಂಜೂರು ಮಾಡಿದ್ದು 2023ರ ಮಾರ್ಚ್ 20ಕ್ಕೆ. ನಡುವಿನ ಆ ವರ್ಷದಲ್ಲಿ ಬಹಳ ತಿಂಗಳು ಹೋಗಿದ್ದು ಸಾಲ ಕೊಟ್ಟ ದೇಶಗಳಿಂದ ಭರವಸೆ ಪತ್ರ ತರೋದ್ರಲ್ಲಿ, ಮೊದಲು ಕೊಟ್ಟಿದ್ದು ಭಾರತ, 2023ರ ಜನವರಿಯಲ್ಲಿ, ಚೀನಾದ್ದು ತಡ ಆಯ್ತು. ಅಲ್ಲೂ ಮೇಷ್ಟ್ರು ಹೇಳಿದ ಹಾಗೆ ಕಾಯಿಸೋದೇ ಭಾರ. ಆದ್ರೆ ಒಂದು ವ್ಯತ್ಯಾಸ ಇದೆ, ಐಎಂಎಫ್ ಷರತ್ತೆಲ್ಲ ಪ್ರಿಂಟಾಗಿ ಯಾರು ಬೇಕಾದ್ರೂ ಓದೋ ಹಾಗಿತ್ತು, ಕರೆಂಟ್ ಬಿಲ್ ಯಾಕೆ ಏರಿತು ಅಂತ ಕೊಲಂಬೋದ ಜನ ಬೀದಿಯಲ್ಲಿ ನಿಂತು ಕೇಳ್ಬಹುದಿತ್ತು. ರೋಮ್‌ನಲ್ಲಿ ಏನಾಯ್ತು ಅಂತ ಬದಾಮಿ ಅಕ್ಕನ ಅಪ್ಪ ಯಾರನ್ನ ಕೇಳ್ಬೇಕಿತ್ತು?

ಚಿಕಾಗೋ_ಚಳಿ:

ಒಂದು ವಿಷಯ ಯಾರೂ ಹೇಳಿಲ್ಲ, ನಾವು ಕೊಟ್ಟ ರೂಪಾಯಿ ಏನಾಯ್ತು ಅಂತ. ಅದು ಇಂಡಿಯಾದಲ್ಲೇ ಅಮೆರಿಕದ ಖಾತೆಯಲ್ಲಿ ಗುಡ್ಡೆ ಬೀಳ್ತಾ ಹೋಯ್ತು, ಹೊರಗೆ ತಗೊಂಡು ಹೋಗೋ ಹಾಗಿಲ್ಲ, ಅಲ್ಲೇ ಖರ್ಚು ಮಾಡ್ಬೇಕು. 1966ರಲ್ಲಿ ಅದರಲ್ಲಿ 30 ಕೋಟಿ ಡಾಲರ್‌ನಷ್ಟು ಹಾಕಿ ಶಿಕ್ಷಣಕ್ಕೆ ಒಂದು ಇಂಡೋ ಅಮೆರಿಕನ್ ಫೌಂಡೇಶನ್ ಮಾಡೋಣ ಅಂದ್ರು, ನಮ್ಮ ಯೂನಿವರ್ಸಿಟಿಗಳ ಒಳಗೆ ಅವರ ಕೈ ಬರುತ್ತೆ ಅಂತ ವಿರೋಧ ಬಂದು ಬಿದ್ದು ಹೋಯ್ತು. ಕೊನೆಗೆ 1974ರ ಫೆಬ್ರವರಿಯಲ್ಲಿ ಅಮೆರಿಕದ ರಾಯಭಾರಿ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಒಂದೇ ಚೆಕ್ ಬರೆದು ಭಾರತ ಸರ್ಕಾರಕ್ಕೆ ಕೊಟ್ಟು ಲೆಕ್ಕದ ದೊಡ್ಡ ಭಾಗ ಮುಗಿಸಿದ್ರು, ಗಿನ್ನೆಸ್ ದಾಖಲೆಗೂ ಸೇರಿತು.

ಅದಕ್ಕಿಂತ ನನ್ನ ಮನಸ್ಸಿಗೆ ಹತ್ತಿರ ಆಗಿದ್ದು ಬೇರೆ. 1962ರಿಂದ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಆಫೀಸು ಅದೇ ರೂಪಾಯಲ್ಲಿ ನಮ್ಮ ಎಲ್ಲ ಭಾಷೆಯ ಪುಸ್ತಕ ಕೊಂಡು ಇಲ್ಲಿ ಅಮೆರಿಕದ ಯೂನಿವರ್ಸಿಟಿಗಳಿಗೆ ಕಳಿಸ್ತಿತ್ತು, ಕನ್ನಡದ್ದೂ. ನಾನು ಇಲ್ಲಿಗೆ ಬಂದ ಮೊದಲನೇ ಚಳಿಗಾಲದಲ್ಲಿ ಮಾತಾಡೋಕೆ ಯಾರೂ ಇಲ್ದೆ ಲೈಬ್ರರಿ ಒಳಗೆ ಹೋದಾಗ ಅರವತ್ತರ ದಶಕದ ಕನ್ನಡ ಕಾದಂಬರಿಗಳು ಸಾಲಾಗಿ ನಿಂತಿದ್ವು, ಕೆಲವು ನಮ್ಮೂರ ಲೈಬ್ರರಿಯಲ್ಲಿ ಹುಡುಕಿ ಸಿಗದೇ ಇದ್ದಿದ್ದು. ಖುಷಿಗೆ ಅಲ್ಲೇ ನೆಲದ ಮೇಲೆ ಕೂತು ಓದಿದೆ. ಆಮೇಲೆ ಲೈಬ್ರರಿಯವರು ಇವು ಹೇಗೆ ಬಂದ್ವು ಅಂತ ಹೇಳಿದ ದಿನ ರಾತ್ರಿ ನಿದ್ದೆ ಹತ್ತಲಿಲ್ಲ.

ಬದಾಮಿ_ಅಕ್ಕ:

ಆ ಪುಸ್ತಕಕ್ಕ ಹೋದ ರೊಕ್ಕದಾಗ ನಮ್ಮಪ್ಪ ಪಾಳಿ ಹಚ್ಚಿ ಕೊಟ್ಟ ರೊಕ್ಕಾನೂ ಇರಬೇಕಲ್ರಿ. ಚಲೋ ಆತು, ಓದ್ರಿ.

ಹಾಸನದ_ಓದುಗ:

ನಿನ್ನೆ ರಾತ್ರಿ ಊಟ ಆದ್ಮೇಲೆ ಅಪ್ಪಂಗೂ ಅಜ್ಜಿಗೂ ಇದೆಲ್ಲ ಓದಿ ಹೇಳಿದೆ. ರೂಪಾಯಿ ಭಾಗ ಬಂದಾಗ ಅಪ್ಪ ಏನೂ ಮಾತಾಡ್ಲಿಲ್ಲ, ಆಗಸ್ಟ್‌ನಿಂದ ಡಿಸೆಂಬರ್ ಅನ್ನೋದನ್ನ ಮಾತ್ರ ಎರಡು ಸಲ ಓದಿಸಿದ್ರು, ಆಮೇಲೆ ಅಜ್ಜಿ ಕಡೆ ತಿರುಗಿ ಆ ವರ್ಷ ದಸರಾಗೆ ಮನೇಲಿ ಏನ್ ಅಡುಗೆ ಮಾಡಿದ್ರಿ ಅಂತ ಕೇಳಿದ್ರು. ಅಜ್ಜಿ ಹೇಳಿದ್ದನ್ನ ಬರ್ಕೊಂಡಿದೀನಿ. ಸೆಮಿನಾರ್ ಅಲ್ಲಿಂದ ಶುರು ಮಾಡ್ತೀನಿ.